ಪುಡಿ ಬೆರೆಸಿದ ಎದೆಹಾಲು

ಸೊಸೆಯ ಕೈಯಿಂದ, ಕೂಸಿಗೆ ಹಾಲು ಕುಡಿಸುವ ಒಳಲೆಯನ್ನು ಕಿತ್ತುಕೊಂಡ ಆದಿಲಕ್ಷ್ಮಮ್ಮ, ಅದರಲ್ಲಿದ್ದ ಹಾಲನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದೇಬಿಟ್ಟಳು! ಬಾಣಂತಿ ಗಂಗರತ್ನ ನೋವು ನುಂಗಿಕೊಂಡು ಹಿಂಡಿದ್ದ ಹಾಲು ಅದು... ಎಂಟನೇ ತಿಂಗಳಿಗೇ ಹುಟ್ಟಿ, ಎದೆ ಚೀಪುವುದಕ್ಕೂ ತ್ರಾಣವಿಲ್ಲದ ಕೂಸಿನ ಪಾಲಿನ ಹಾಲು. ಹೋಳೂರಿನ ಆ ಮನೆಯಲ್ಲಿ ಹಿಂಡಿದ ಎದೆಹಾಲನ್ನು ಯಾರ ಕಣ್ಣಿಗೂ ಬೀಳದಂತೆ ಗಿಡದ ಬುಡಕ್ಕೆ ಹಾಕುವುದು ರೂಢಿ. ಪಾತ್ರೆಯಲ್ಲಿಟ್ಟರೆ ಎದೆ ಬತ್ತಿಹೋಗುತ್ತದೆಂಬ ಭಯ. ಸೊಸೆಯೋ, ಪಾತ್ರೆಯಲ್ಲಿಟ್ಟದ್ದು ಸಾಲದೆಂದು ಕೋಲಾರದ ಡಾಕ್ಟರಮ್ಮ ಕೊಟ್ಟ ಪುಡಿಯನ್ನೂ ಬೆರೆಸಿದ್ದಳು. ಅತ್ತೆಗೆ ಮೈಯೆಲ್ಲ ಉರಿದುಹೋಯಿತು.

"ತಾಯಿ ಹಾಲಿಗೆ ಕಲಬೆರಕೆ ಮಾಡ್ತೀಯೇನೇ? ನಮ್ಮ ವಂಶದಲ್ಲಿ ಯಾವಳ ಎದೆಹಾಲು ಸಾಲದೆ ಹೋಗಿತ್ತು?"

"ನನ್ನ ಹಾಲು ಕೆಟ್ಟದ್ದಲ್ಲ ಅತ್ತೆ. ದಿನ ತುಂಬಿ ಹುಟ್ಟಿದ್ದಿದ್ರೆ ಅದೇ ಸಾಕಾಗ್ತಿತ್ತು. ಇವಳು ತೂಕ ಏರ್ತಾ ಇಲ್ಲ. ಹೊಟ್ಟೆ ಚಿಕ್ಕದು, ಜಾಸ್ತಿ ಕುಡಿಯೋಕಾಗಲ್ಲ. ಕುಡಿಯೋ ಗುಟುಕಲ್ಲೇ ಸತ್ವ ಇರ್ಬೇಕು, ಅದಕ್ಕೇ ಈ ಪುಡಿ ಅಂದ್ರು ಡಾಕ್ಟರಮ್ಮ."

"ಇನ್ನೊಂದು ಸಲ ಆ ಡಬ್ಬ ಮುಟ್ಟಿದ್ರೆ ಈ ಮನೇಲಿ ನಿನಗೆ ಜಾಗ ಇಲ್ಲ!"

ಗಂಡ ಕೋದಂಡರಾಮಪ್ಪ ಹಿಪ್ಪುನೇರಳೆ ಸೊಪ್ಪಿನ ಮೂಟೆ ಹೊತ್ತು ಬಾಗಿಲಲ್ಲೇ ನಿಂತಿದ್ದ. ತಾಯಿಗೂ ಹೇಳಲಾರ, ಹೆಂಡತಿಗೂ ಹೇಳಲಾರ. ಅವನನ್ನು ನಂಬಿ ಕೂತರೆ ಮಗು ಉಳಿದ ಹಾಗೆಯೇ!

ಗಂಗರತ್ನ ಎದ್ದು ನಿಂತಳು. "ಹೋಗಲ್ಲ ಅತ್ತೆ. ಈ ಮನೇಲೇ ಇರ್ತೀನಿ, ಪುಡೀನೂ ಹಾಕ್ತೀನಿ. ರೇಷ್ಮೆ ಹುಳದಲ್ಲಿ ಸಣಕಲು ಕಂಡ್ರೆ ಬೇರೆ ತಟ್ಟೆಗೆ ಎತ್ತಿ, ಎಳೇ ಸೊಪ್ಪು ಸಣ್ಣಗೆ ಕೊಚ್ಚಿ ಹಾಕೋರು ನೀವೇ ತಾನೇ? ಹುಳಕ್ಕಿರೋ ಉಪಚಾರ ನನ್ನ ಮಗಳಿಗೆ ಬೇಡ್ವಾ?"

ಆದಿಲಕ್ಷ್ಮಮ್ಮ ಗೋಡೆಗೊರಗಿ ಕುಸಿದಳು. "ಹಾಗಾದ್ರೆ... ನನ್ನ ಚೊಚ್ಚಲ ಕೂಸು? ಅದೂ ಹಿಂಗೇ ಇತ್ತು ಕಣೇ, ಅಂಗೈಯಗಲ! ನನ್ನ ಹಾಲು ಬಿಟ್ಟು ಬೇರೇನೂ ಕೊಡಲಿಲ್ಲ... ನನ್ನ ಹಾಲು ಸಾಲದೇನೇ ಸತ್ತೋಯ್ತಾ?"

ಇಷ್ಟು ವರ್ಷ ಯಾರ ಮುಂದೆಯೂ ಆಡದಿದ್ದ ಮಾತು! ಆದರೂ ಗಂಗರತ್ನ ಸುಳ್ಳು ಸಮಾಧಾನ ಹೇಳಲಿಲ್ಲ.

"ಗೊತ್ತಿಲ್ಲ ಅತ್ತೆ. ಆಗ ನಿಮಗೆ ಹೇಳೋರು ಯಾರೂ ಇರಲಿಲ್ಲ, ನಿಮ್ಮ ತಪ್ಪೇನಿದೆ? ನನಗೆ ಹೇಳಿದ್ದಾರೆ. ಗೊತ್ತಿದ್ದೂ ಬಿಟ್ರೆ ತಪ್ಪು ನನ್ನದಾಗುತ್ತೆ." ಹಾಗೆಂದವಳೇ ಗೋಡೆಗೆ ಮುಖ ಮಾಡಿ ಕುಳಿತು ಮತ್ತೆ ಹಾಲು ಹಿಂಡತೊಡಗಿದಳು.

ಆದಿಲಕ್ಷ್ಮಮ್ಮ ಎಷ್ಟೋ ಹೊತ್ತು ಬಿಕ್ಕಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು, ಒಳಲೆಯನ್ನು ಕುದಿಯುವ ನೀರಿನಲ್ಲಿ ತೊಳೆದು ತಂದು ಸೊಸೆಯ ಪಕ್ಕದಲ್ಲಿಟ್ಟಳು. ಹೋಗಿ ಬಾಗಿಲಿಗೆ ಅಡ್ಡ ಕುಳಿತಳು. ಗಲಾಟೆ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ಭಾರತಮ್ಮ ಬಂದು ಇಣುಕಿದಳು.

"ಏನಕ್ಕಾ, ತಾಯಿ ಹಾಲಿಗೆ ಪುಡಿಯಂತೆ?"

"ಹೂಂ, ಪುಡಿ ಹಾಕಿದ ಹಾಲೇ. ಏನೀಗ?" ಆದಿಲಕ್ಷ್ಮಮ್ಮನ ಕಣ್ಣು ಇನ್ನೂ ಒದ್ದೆಯಾಗಿತ್ತು, ದನಿ ಮಾತ್ರ ಬೀದಿಗೆಲ್ಲ ಕೇಳಿಸಿತು. "ನನ್ನ ಮೊಮ್ಮಗಳು ಕುಡೀತವ್ಳೆ. ಆಮೇಲೆ ಬಾ, ಹೋಗು!"