ಅವಳ ಕೈಯ ಬೆಸುಗೆ

"ಕುರ್ಚಿ ಇಲ್ಲೇ ಬಿಟ್ಟು ಹೋಗಿ ಸಿಸಿ. ಮುಂದಿನ ವಾರ ಬಂದು ತಗೊಂಡು ಹೋಗಿ."

"ಬಿಟ್ಟು ಹೋಗಲ್ಲ!"

ಆ ದನಿಗೆ ಲುವೊ ಬೆಚ್ಚಿ ತಲೆ ಎತ್ತಿದ.

ಗ್ಯಾರೇಜಿನ ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದಳು ಫುಮೆಜಾ. ಅದರ ಹಿಂದೆ ಹಗ್ಗ ಕಟ್ಟಿ ಇನ್ನೊಂದನ್ನು ಎಳೆದು ತಂದಿದ್ದಳು. ಉದ್ದ ಮೂತಿಯ, ಮೂರು ಗಾಲಿಯ, ಓಟದ ಕುರ್ಚಿ. ಅದರ ಮುಂಭಾಗದ ಅಲ್ಯೂಮಿನಿಯಂ ಕೊಳವೆ ಸೀಳಿ ಬಾಯಿಬಿಟ್ಟಿತ್ತು. ಅವಳ ಮೊಣಕೈಯ ಗಾಯ ಇನ್ನೂ ಹಸಿಯಾಗಿತ್ತು.

"ಹೋದ ಸಲವೂ ಒಬ್ಬ ವರ್ಕ್‌ಶಾಪಿನವನು ಹೀಗೇ ಹೇಳಿದ್ದ. ಬಿಟ್ಟು ಹೋಗಿ, ನಾನು ನೋಡ್ಕೋತೀನಿ ಅಂತ. ಓಟದ ಮಧ್ಯೆ ಅವನ ಬೆಸುಗೆ ಬಿಟ್ಟುಕೊಳ್ತು. ಕೇಳೋಕೆ ಹೋದ್ರೆ, ನೀವು ತುಂಬಾ ಜೋರಾಗಿ ಓಡಿಸಿದ್ರಿ ಅಂದ!"

"ಓಟದ ಕುರ್ಚಿ ತಾನೇ... ಮೆಲ್ಲಗೆ ಓಡಿಸೋಕೆ ಆಗುತ್ತಾ?"

ಅವಳಿಗೆ ನಗು ಬಂತು. ತಡೆದುಕೊಂಡಳು. ಬಂದಿದ್ದು ನಗುವುದಕ್ಕಲ್ಲ.

"ನನಗೆ ಅಲ್ಯೂಮಿನಿಯಂ ಬೆಸೆಯೋ ಟಿಗ್ ವೆಲ್ಡಿಂಗ್ ಕಲಿಸಿ. ನನ್ನ ಕುರ್ಚಿಗೆ ನಾನೇ ಬೆಸುಗೆ ಹಾಕ್ತೀನಿ."

ಲುವೊ ಕೈಗವಸು ಕಳಚಿ ಮೇಜಿನ ಮೇಲಿಟ್ಟ. ಹಗಲೆಲ್ಲ ಕಾರಿನ ಕಾರ್ಖಾನೆಯಲ್ಲಿ ಹೊಗೆ ಕೊಳವೆಗಳಿಗೆ ಬೆಸುಗೆ ಹಾಕುವುದು, ಸಂಜೆ ಮನೆಯ ಗ್ಯಾರೇಜಿನಲ್ಲಿ ಚಿಕ್ಕಪುಟ್ಟ ಕೆಲಸ ಮಾಡುವುದು ಅವನ ಬದುಕು. ಪೋರ್ಟ್ ಎಲಿಜಬೆತ್‌ ಊರಂಚಿನ ಮದರ್‌ವೆಲ್‌ನ ಆ ಬೀದಿಯಲ್ಲಿ ಅವನ ಕೈಗೆ ಹೆಸರಿತ್ತು. ಕಲಿಸಿ ಅಂತ ಮಾತ್ರ ಯಾರೂ ಕೇಳಿರಲಿಲ್ಲ.

"ಅಲ್ಯೂಮಿನಿಯಂ ಕಷ್ಟ ಸಿಸಿ. ಒಂದು ಕೈಯಲ್ಲಿ ಲೋಹ ಕರಗಿಸೋ ಟಾರ್ಚು, ಇನ್ನೊಂದರಲ್ಲಿ ತುಂಬೋ ಕಡ್ಡಿ. ಕರೆಂಟು ಹೆಚ್ಚು ಕಡಿಮೆ ಮಾಡೋಕೆ ಕಾಲಲ್ಲಿ ಪೆಡಲ್ಲು..."

ಅಷ್ಟು ಹೇಳಿ ಅವನು ಗಕ್ಕನೆ ನಿಲ್ಲಿಸಿದ. ಕಣ್ಣು ಅವಳ ಪಾದಗಳ ಮೇಲೆ ಬಿದ್ದು, ಕೂಡಲೇ ಪಕ್ಕಕ್ಕೆ ಸರಿಯಿತು.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಟ್ಯಾಕ್ಸಿ ವ್ಯಾನು ಮಗುಚಿ ಬೆನ್ನುಮೂಳೆ ಮುರಿದಾಗಿನಿಂದ ಅವಳು ಈ ನೋಟವನ್ನು ಬಲ್ಲಳು. 'ಇವನೂ ಅಷ್ಟೇ. ಈಗ ಪಾಪ ಅನ್ನುತ್ತಾನೆ. ಆಮೇಲೆ ಅಮ್ಮನನ್ನು ಕರೆದು ಚಹಾ ಕೊಡಿಸುತ್ತಾನೆ...'

ಲುವೊ ಪಾಪ ಅನ್ನಲಿಲ್ಲ. ನೆಲದ ಮೇಲಿದ್ದ ಪೆಡಲ್ಲನ್ನು ಎತ್ತಿ, ಮಗುಚಿ, ಅದರ ಹೊಟ್ಟೆ ನೋಡಿದ.

"ಇದರೊಳಗಿರೋದು ಒಂದು ತಿರುಪು, ಅಷ್ಟೇ. ಟಾರ್ಚಿನ ಹಿಡಿಗೆ ಕೂರಿಸಿದ್ರೆ ಹೆಬ್ಬೆರಳಲ್ಲಿ ತಿರುಗಿಸಬಹುದು. ಬೆರಳು ತೆಗೆದ್ರೆ ಕರೆಂಟು ನಿಲ್ಲುತ್ತೆ. ನಾಡಿದ್ದು ಬನ್ನಿ."

"ನಿಜವಾಗ್ಲೂ?"

"ಒಂದು ಷರತ್ತು. ಚೂರು ತುಂಡುಗಳ ಮೇಲೆ ಕಲೀಬೇಕು. ನೀವು ಬೆಸೆದದ್ದನ್ನು ವೈಸಲ್ಲಿ ಸಿಕ್ಕಿಸಿ ಸುತ್ತಿಗೆಯಲ್ಲಿ ಹೊಡೀತೀನಿ. ಮುರಿದ್ರೆ, ಕುರ್ಚಿ ಮುಟ್ಟೋ ಹಾಗಿಲ್ಲ."

"ಹೊಡೀರಿ," ಎಂದಳು ಫುಮೆಜಾ.

ಎರಡು ದಿನ ಬಿಟ್ಟು, ಅವಳು ಬೆಸೆದ ಮೊದಲ ತುಂಡನ್ನು ಅವನು ಹೊಡೆದ. ಅದು ಮುರಿಯಿತು.

ಮರುದಿನ ಮತ್ತೆ ಮುರಿಯಿತು. ಅದರ ಮರುದಿನವೂ!

ಪೋರ್ಟ್ ಎಲಿಜಬೆತ್‌ನ ಗಾಳಿ ಸುಮ್ಮನಿರುವ ಜಾತಿಯದಲ್ಲ. ಬೆಸುಗೆಯನ್ನು ಕಾಯುವ ಆರ್ಗಾನ್ ಗ್ಯಾಸನ್ನು ಒಂದೇ ಉಸಿರಿಗೆ ಹಾರಿಸಿಬಿಡುತ್ತದೆ. ಹಾಗಾಗಿ ಬಾಗಿಲು ಎಳೆದುಕೊಂಡೇ ಕೆಲಸ. ಒಳಗೆ ಸೆಕೆ. ಹೊರಗೆ ತಗಡಿನ ಬಾಗಿಲನ್ನು ಗುದ್ದುವ ಗಾಳಿ.

"ಟಾರ್ಚು ತೀರಾ ಕೆಳಗೆ ಬಂತು... ಮುಟ್ಟಿಸಬೇಡಿ, ಮುಟ್ಟಿಸಬೇಡಿ... ಅಯ್ಯೋ!"

ಪಟ್! ಟಾರ್ಚಿನ ತುದಿಯ ಟಂಗ್‌ಸ್ಟನ್ ಸೂಜಿ ಕರಗಿದ ಲೋಹಕ್ಕೆ ತಾಕಿತು. ಬೆಳ್ಳಗೆ ಹೊಳೆಯುತ್ತಿದ್ದ ಹನಿ ಮಸಿಯಾಯಿತು. ಮತ್ತೆ ಸೂಜಿ ಬಿಚ್ಚಬೇಕು, ಮತ್ತೆ ಮಸೆಯಬೇಕು.

"ಬೆಸುಗೆ ಹಾಕೋಕ್ಕಿಂತ ಸೂಜಿ ಮಸೆಯೋದೇ ಚೆನ್ನಾಗಿ ಕಲಿತ್ರಿ ಸಿಸಿ," ಎಂದ ಲುವೊ ಮುಖ ಗಂಟುಹಾಕಿಕೊಂಡು.

"ಬಾಯಿಗೆ ಬೆಸುಗೆ ಹಾಕೋದು ಕಲಿಸಿ. ಮೊದಲು ನಿಮಗೇ ಹಾಕ್ತೀನಿ."

ಮನೆಯೊಳಗಿಂದ ಅವನ ತಾಯಿ ಮಾಮ್‌ಭೇಲೆ ಗಟ್ಟಿಯಾಗಿ ನಕ್ಕದ್ದು ಗೋಡೆಯಾಚೆ ಕೇಳಿಸಿತು.

ಫುಮೆಜಾಳ ಕಸುಬು ಕೂದಲು ಹೆಣೆಯುವುದು. ಮನೆಯ ಮುಂದಿನ ಜಗಲಿಯಲ್ಲಿ ದಿನವಿಡೀ ಹೆಂಗಸರ ತಲೆಗಳು ಅವಳ ಬೆರಳಿಗೆ ಕಾಯುತ್ತಿದ್ದವು. ಒಂದು ಸಂಜೆ ಆ ಬೆರಳುಗಳಿಗೆ ಇದ್ದಕ್ಕಿದ್ದಂತೆ ದಾರಿ ಸಿಕ್ಕಿತು. ಕರಗಿಸು, ಕಡ್ಡಿ ತಾಕಿಸು, ಸರಿ... ಕರಗಿಸು, ತಾಕಿಸು, ಸರಿ... ಜಡೆಯ ಎಳೆಗಳ ಹಾಗೆ ಲೋಹದ ಅಲೆಗಳು ಒಂದರ ಮೇಲೊಂದು ಕೂತವು.

ಲುವೊ ಆ ತುಂಡನ್ನು ವೈಸಿಗೆ ಸಿಕ್ಕಿಸಿದ. ಸುತ್ತಿಗೆ ಎತ್ತಿದ. ಅವಳು ಕಣ್ಣು ಮುಚ್ಚಿದಳು.

ಠಣ್! ಠಣ್!

"ಕಣ್ಣು ಬಿಡಿ."

ಲೋಹ ಬಾಗಿತ್ತು. ಮುರಿದಿರಲಿಲ್ಲ.

"ಮುರೀಲಿಲ್ಲ... ಮುರೀಲಿಲ್ಲ!" ಅವಳು ಕೂಗಿದಳು. ಖುಷಿಯಲ್ಲಿ ಅವನ ಕೈ ಹಿಡಿದಿದ್ದಳು. ಹಿಡಿದದ್ದು ಗೊತ್ತಾದ ಮೇಲೂ ಇಬ್ಬರೂ ಬಿಡಲಿಲ್ಲ.

"ತುಂಬಾ ಚೆನ್ನಾಗಿದೆ, ಫುಮೆಜಾ."

ಮೊದಲ ಸಲ ಅವನು 'ಸಿಸಿ' ಅನ್ನಲಿಲ್ಲ. ಅಕ್ಕತಂಗಿಯರಿಗೆ ಅನ್ನುವ ಆ ಮಾತು ಬಿಟ್ಟುಹೋದದ್ದು ಅವಳ ಕಿವಿಗೆ ಬಿತ್ತು. ಕೆನ್ನೆ ಬಿಸಿಯಾದದ್ದು ಟಾರ್ಚಿನ ಶಾಖಕ್ಕೆ ಮಾತ್ರ ಅಲ್ಲ.

ಆ ವಾರವೇ ಅವಳು ತನ್ನ ಕುರ್ಚಿಯ ಕೊಳವೆಗೆ ಬೆಸುಗೆ ಹಾಕಿದಳು. ಕೊನೆಯ ಹನಿ ಕೂತ ಕೂಡಲೇ ಸಂತೋಷಕ್ಕೆ ಹೆಬ್ಬೆರಳನ್ನು ತಿರುಪಿನಿಂದ ಎತ್ತಿಬಿಟ್ಟಳು. ಲುವೊ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಸುಮ್ಮನಾದ.

"ಇವತ್ತು ಇಲ್ಲೇ ಇರಲಿ. ಪೂರ್ತಿ ತಣ್ಣಗಾಗಲಿ. ನಾಳೆ ತಗೊಂಡು ಹೋಗು."

'ನನ್ನ ಕೈಯಿಂದ... ನಾನೇ ಮಾಡಿದ್ದು!' ಅವಳು ಹಾಡು ಗುನುಗುತ್ತಾ ಮನೆಗೆ ಹೋದಳು.

* * *

ಪ್ರಾಂತ್ಯದ ಆಯ್ಕೆ ಓಟಕ್ಕೆ ಎರಡು ದಿನ ಉಳಿದಿತ್ತು. ಮೊದಲ ಮೂವರಿಗೆ ದೇಶದ ಕ್ರೀಡಾಕೂಟಕ್ಕೆ ಹೋಗುವ ಅವಕಾಶ. ಮಗ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮಾಮ್‌ಭೇಲೆ ತಮ್ಮ ಮನೆಯಂಗಳದಲ್ಲಿ ಫುಮೆಜಾಳ ಮುಂದೆ ಮೋಟು ಸ್ಟೂಲಿನ ಮೇಲೆ ಕೂತು ತಲೆ ಒಪ್ಪಿಸಿದ್ದರು.

"ಮೆಲ್ಲಗೆ ಎಳಿ ಮಗಳೇ, ಅದು ಕೂದಲು, ಕಬ್ಬಿಣ ಅಲ್ಲ! ಅಂದಹಾಗೆ ನನ್ನ ಮಗನಿಗೆ ಏನು ಮದ್ದು ಹಾಕಿದೀಯ? ಹೋದ ವಾರ ಬೆಳಕು ಹರಿಯೋ ಮುಂಚೆ ಎದ್ದು ನಿನ್ನ ಕುರ್ಚಿ ಮುಂದೆ ಕೂತಿದ್ದ. ಉಜ್ಜಿದ್ದೇ ಉಜ್ಜಿದ್ದು, ಬೆಸೆದದ್ದೇ ಬೆಸೆದದ್ದು. ಗಂಜಿ ಆರಿ ಕಲ್ಲಾಯ್ತು!"

ಫುಮೆಜಾಳ ಬೆರಳು ನಿಂತಿತು.

"ನನ್ನ ಕುರ್ಚಿಗಾ, ಅಮ್ಮಾ?"

"ಇನ್ಯಾರ ಕುರ್ಚಿಗೆ?"

ಅರ್ಧ ಹೆಣೆದ ಜಡೆಯನ್ನು ಅವಸರದಲ್ಲಿ ಮುಗಿಸಿದಳು. ಮನೆಗೆ ಬಂದವಳೇ ಓಟದ ಕುರ್ಚಿಯ ಕೊಳವೆಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದಳು. ಶುರುವಿನಿಂದ ಮುಕ್ಕಾಲು ಭಾಗ ಅವಳದೇ. ಒಂದು ಅಲೆ ದಪ್ಪ, ಒಂದು ಸಣ್ಣ. ಕೊನೆಯ ಕಾಲು ಭಾಗ ಮಾತ್ರ ನುಣ್ಣಗೆ, ಒಂದೇ ಸಮ...

ಅದು ಲುವೊನ ಕೈ.

ಅಂದು ಸಂಜೆ ಗ್ಯಾರೇಜಿಗೆ ನುಗ್ಗಿದಳು, ಓಟದ ಕುರ್ಚಿಯನ್ನು ಎಳೆದುಕೊಂಡೇ.

"ಯಾಕೆ ಮಾಡಿದೆ?"

ಲುವೊ ಏನು ಎಂದು ಕೇಳಲಿಲ್ಲ.

"ಕೊನೇಲಿ ಕೂದಲೆಳೆಯಷ್ಟು ಬಿರುಕಿತ್ತು ಫುಮೆಜಾ. ನೀನು ಕರೆಂಟನ್ನ ಗಕ್ಕನೆ ಬಿಟ್ಟುಬಿಟ್ಟೆ. ನಿಧಾನಕ್ಕೆ ಇಳಿಸದಿದ್ರೆ ಅಲ್ಯೂಮಿನಿಯಂ ಅಲ್ಲೇ ಸೀಳುತ್ತೆ."

"ಹೇಳಬಹುದಿತ್ತಲ್ಲ!"

"ನೀನು ಅಷ್ಟು ಖುಷಿಯಾಗಿದ್ದೆ..."

"ಅದಕ್ಕೆ ಸುಳ್ಳು ಹೇಳಿದೆ! ನನ್ನ ಬೆನ್ನ ಹಿಂದೆ ಸರಿ ಮಾಡಿಟ್ಟೆ. ಮಗು ಬರೆದ ಚಿತ್ರ ತಿದ್ದೋ ಹಾಗೆ!" ಅವಳು ಕೊಳವೆಯತ್ತ ಕೈ ಮಾಡಿದಳು. "ಆ ವರ್ಕ್‌ಶಾಪಿನವನು ಕೆಟ್ಟ ಬೆಸುಗೆ ಹಾಕಿ ಒಳ್ಳೇದು ಅಂದ. ನೀನು ಒಳ್ಳೇದು ಹಾಕಿ ಅದು ನನ್ನ ಕೈಯದ್ದು ಅಂತ ನಂಬಿಸಿದೆ. ಏನು ವ್ಯತ್ಯಾಸ ಹೇಳು?"

"ನೀನು ಬೀಳಬಾರದು, ಅದು ವ್ಯತ್ಯಾಸ!" ಲುವೊನ ದನಿಯೂ ಏರಿತು. "ಕಾರ್ಖಾನೇಲಿ ನಾನು ಬೆಸೆಯೋದು ಹೊಗೆ ಕೊಳವೆ. ಬಿಟ್ಟುಕೊಂಡ್ರೆ ಸದ್ದು ಬರುತ್ತೆ, ಅಷ್ಟೇ. ಇದರ ಮೇಲೆ ನಿನ್ನ ಜೀವ ನಿಂತಿದೆ. ನನಗೆ ಭಯ ಆಯ್ತು. ತುಂಬಾ ಭಯ ಆಯ್ತು!"

"ಭಯ ನಿಂದು. ಅದಕ್ಕೆ ನನ್ನ ಕೈಯ ಕೆಲಸ ಯಾಕೆ ಕಿತ್ಕೊಂಡೆ?"

ಗಾಳಿ ಬಾಗಿಲನ್ನು ದಡದಡ ಅಲ್ಲಾಡಿಸುತ್ತಿತ್ತು.

'ಹೊರಟುಹೋಗು,' ಎಂದಿತು ಅವಳ ಮನಸ್ಸು. 'ಈ ಬೆಸುಗೆ ಗಟ್ಟಿಯಾಗಿದೆ. ಓಡು, ಗೆಲ್ಲು, ಇವನ ಮುಖ ಮತ್ತೆ ನೋಡಬೇಡ.' ಚಕ್ರಕ್ಕೆ ಕೈಯಿಟ್ಟಳು. ಆದರೆ ಕೈ ಚಕ್ರವನ್ನು ತಿರುಗಿಸಲಿಲ್ಲ.

"ಉಜ್ಜಿ ತೆಗಿ," ಎಂದಳು.

"ಏನು?"

"ನಿನ್ನ ಭಾಗ ಉಜ್ಜಿ ತೆಗಿ. ನಾನು ಹಾಕ್ತೀನಿ."

"ಫುಮೆಜಾ, ಓಟ ನಾಡಿದ್ದು! ಈಗಾಗಲೇ ಒಂದು ಸಲ ಉಜ್ಜಿದೆ. ಇದು ಕೊನೆ. ಮತ್ತೆ ಬಿರುಕು ಬಿಟ್ರೆ ಕೊಳವೆ ತೆಳುವಾಗಿ ಕೆಲಸಕ್ಕೆ ಬರಲ್ಲ. ನೀನು ಓಡೋ ಹಾಗೇ ಇಲ್ಲ!"

"ಗೊತ್ತು. ಬೆಸುಗೆ ಕೆಟ್ಟರೆ ಕೆಟ್ಟಿದೆ ಅನ್ನು. ಇನ್ನೊಂದು ಸುಳ್ಳು ಹೇಳಿದ್ರೆ ನಾನು ಈ ಬೀದಿಗೇ ಬರಲ್ಲ."

ಲುವೊ ಅವಳನ್ನೇ ನೋಡಿದ. ಆಮೇಲೆ ಗ್ರೈಂಡರ್ ಕೈಗೆತ್ತಿಕೊಂಡ.

ಅವನದೇ ಸುಂದರ ಬೆಸುಗೆ ಬೆಳ್ಳಿಯ ಪುಡಿಯಾಗಿ ನೆಲಕ್ಕೆ ಉದುರಿತು. ಅವಳು ಸ್ಟೀಲ್ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಹೆಲ್ಮೆಟ್ಟು ಮುಖಕ್ಕೆ ಎಳೆದುಕೊಂಡಳು. ಕತ್ತಲು. ಹೆಬ್ಬೆರಳು ತಿರುಪಿನ ಮೇಲೆ.

ನೀಲಿ ಬೆಳಕು ಚಿಮ್ಮಿತು.

ಕರಗಿಸು, ತಾಕಿಸು, ಸರಿ...

"ಟಾರ್ಚು ವಾಲ್ತಾ ಇದೆ," ಎಂದ ಲುವೊ ಅವಳ ಭುಜದ ಹಿಂದಿನಿಂದ. ಮೆಚ್ಚುಗೆಯಿಲ್ಲ, ಕನಿಕರವಿಲ್ಲ. ಬರೀ ಸತ್ಯ. ಅವಳು ನೆಟ್ಟಗೆ ಮಾಡಿಕೊಂಡಳು.

"ಅವಸರ ಮಾಡ್ತಿದೀಯ."

ನಿಧಾನವಾದಳು. ಬೆವರು ಕಣ್ಣಿಗೆ ಇಳಿಯಿತು. ಉರಿಯಿತು. ರೆಪ್ಪೆ ಬಡಿಯಲಿಲ್ಲ.

ಕೊನೆಯ ಹನಿ. ಅದೇ ಕ್ಷಣಕ್ಕೆ ಗಾಳಿ ತಗಡಿನ ಬಾಗಿಲನ್ನು ಧಡಾರನೆ ಗುದ್ದಿತು! ಇಡೀ ಗ್ಯಾರೇಜು ನಡುಗಿತು. ಹೆಬ್ಬೆರಳು ಬೆಚ್ಚಿ ಎದ್ದೇಬಿಡುತ್ತಿತ್ತು...

"ಬಿಡಬೇಡ! ಇಳಿಸು... ಇನ್ನೂ ಇಳಿಸು... ಇನ್ನೊಂದು ಹನಿ ಕೊಡು... ಈಗ ಇಳಿಸು..."

ಇಳಿಸಿದಳು. ಬೆಳಕು ಸಣ್ಣಗಾಗಿ, ಸಾಸಿವೆಯಷ್ಟಾಗಿ, ಆರಿತು. ಗ್ಯಾಸು ಮಾತ್ರ ಸುಯ್ಯೆಂದು ಇನ್ನಷ್ಟು ಹೊತ್ತು ಹರಿಯಿತು. ಅವಳು ಕದಲಲಿಲ್ಲ.

ಲೋಹ ತಣ್ಣಗಾಗುವವರೆಗೆ ಕಾದರು. ಆಮೇಲೆ ಲುವೊ ಬೆಸುಗೆಯ ಮೇಲೆ ಕೆಂಪು ದ್ರವ ಹಚ್ಚಿದ. ಕಾದು, ಒರೆಸಿ, ಮೇಲೆ ಬಿಳಿಯ ಪುಡಿ ಸಿಂಪಡಿಸಿದ.

"ಬಿರುಕಿದ್ರೆ ಒಳಗೆ ಉಳಿದ ಕೆಂಪು ಮೇಲೆ ಬರುತ್ತೆ. ಗೆರೆ ಕಾಣುತ್ತೆ."

"ಹೋದ ಸಲ ಕಂಡಿತ್ತಾ?"

"ಕಂಡಿತ್ತು."

ಫುಮೆಜಾ ಬಿಳಿಯನ್ನೇ ನೋಡುತ್ತಾ ಕೂತಳು. ಬಿಳಿ. ಇನ್ನೂ ಬಿಳಿ. 'ಈಗ ಬರುತ್ತೆ... ಈಗ ಬಂದೇಬಿಡುತ್ತೆ...' ಲುವೊ ಬಗ್ಗಿ ದೀಪ ಹಿಡಿದು ಒಂದು ಕಡೆಯಿಂದ ನೋಡಿದ. ಇನ್ನೊಂದು ಕಡೆಯಿಂದ ನೋಡಿದ.

"ಹೇಳು," ಎಂದಳು ಪಿಸುದನಿಯಲ್ಲಿ.

"ನೋಡೋಕೆ ಸೊಟ್ಟಗಿದೆ."

"ಲುವೊ!"

"ಬಿರುಕಿಲ್ಲ." ಅವನ ಕಣ್ಣು ತುಂಬಿತ್ತು. "ಎಲ್ಲೂ ಇಲ್ಲ. ಇದು ನಿಲ್ಲುತ್ತೆ."

ಅವಳು ನಂಬಿದಳು.

ಆದರೂ ಆ ಸಂಜೆ ಕೈ ಚಾಚಲಿಲ್ಲ. ಸಿಟ್ಟು ಬಿಟ್ಟಿರಲಿಲ್ಲ. "ಓಟಕ್ಕೆ ಬರ್ತೀಯಾ?" ಎಂದಷ್ಟೇ ಕೇಳಿ, ಅವನು ತಲೆಯಾಡಿಸುವ ಮುಂಚೆಯೇ ಹೊರಟುಬಿಟ್ಟಳು.

* * *

ಓಟದ ದಿನ ಗಾಳಿ ಎದುರಿನಿಂದಲೇ ಬೀಸಿತು. ಕೊನೆಯ ತಿರುವಿನಲ್ಲಿ ಫುಮೆಜಾ ನಾಲ್ಕನೆಯವಳು. ಅದೇ ತಿರುವಿನಲ್ಲಿ ಹೋದ ಸಲ ಕುರ್ಚಿ ಮುರಿದು ಅವಳು ಹಾರಿಬಿದ್ದದ್ದು. ಆದರೆ ಕೈ ನಿಲ್ಲಲಿಲ್ಲ. ಚಕ್ರಗಳನ್ನು ಗುದ್ದಿ ಗುದ್ದಿ ಒಳಗಿನ ಸಾಲಿಗೆ ನುಗ್ಗಿದಳು. ಕೊಳವೆ ನಡುಗಿತು. ಬೆಸುಗೆ ಹಿಡಿದುಕೊಂಡಿತು.

ಮೂರನೆಯವಳಾಗಿ ಗೆರೆ ದಾಟಿದಳು!

ಎಲ್ಲರೂ ಕೂಗುತ್ತಿದ್ದರು. ಹೊಸ ಜಡೆ ಹಾರಿಸುತ್ತಾ ಮಾಮ್‌ಭೇಲೆ ಕುಣಿಯುತ್ತಿದ್ದರು. ಲುವೊ ಎಲ್ಲೂ ಕಾಣಲಿಲ್ಲ.

"ಎಲ್ಲಿ ಅಮ್ಮಾ ಅವನು?"

"ಅಗೋ, ಗ್ಯಾಲರಿ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದಾನೆ, ತಪ್ಪು ಮಾಡಿದ ಶಾಲೆ ಹುಡುಗನ ಥರ! ಓಟ ಶುರುವಾಗೋ ಗುಂಡು ಹಾರಿದಾಗಿನಿಂದ ತಿರುಗಿಲ್ಲ."

ಫುಮೆಜಾ ಓಟದ ಕುರ್ಚಿಯಲ್ಲೇ ಗ್ಯಾಲರಿ ಸುತ್ತಿ ಬಂದಳು. ಅವನ ಬೆನ್ನು ಕಂಡಿತು.

"ಎಷ್ಟನೇ ಸ್ಥಾನ ಅಂತ ಕೇಳಲ್ವಾ?"

ಅವನು ತಿರುಗದೆಯೇ ಕೇಳಿದ. "ಬಿದ್ದೆಯಾ?"

"ಇಲ್ಲ."

"ಹಾಗಾದ್ರೆ ಸಾಕು." ಲುವೊ ನಿಧಾನಕ್ಕೆ ತಿರುಗಿದ. ಬಿಟ್ಟ ಉಸಿರಿನ ಜೊತೆ ಮಾತೂ ಬಂತು. "ನಿನ್ನ ಕೈ ಮೇಲೆ ನಂಬಿಕೆ ಇತ್ತು ಫುಮೆಜಾ. ನನ್ನ ಎದೆ ಮೇಲೆ ಇರ್ಲಿಲ್ಲ. ನಾನು ನಿನ್ನ ಪ್ರೀತಿಸ್ತೀನಿ. ಅದನ್ನ ಹೇಳೋಕೆ ಬರದೆ, ನಿನ್ನ ಬೆಸುಗೆ ತಿದ್ದೋಕೆ ಹೋದೆ. ತಪ್ಪಾಯ್ತು."

ಅವಳ ಸಿಟ್ಟು ಎಲ್ಲಿ ಹೋಯಿತೋ... ಹುಡುಕಿದರೂ ಸಿಗಲಿಲ್ಲ.

"ನಾನು ಇನ್ನೂ ಓಡ್ತೀನಿ ಲುವೊ. ಒಂದಲ್ಲ ಒಂದು ದಿನ ಬೀಳ್ತೀನಿ. ಆಗ ಏನ್ಮಾಡ್ತೀಯ?"

ಅವನು ಯೋಚಿಸಿದ. ಈ ಸಲ ಅವಸರದ ಉತ್ತರ ಕೊಡಲಿಲ್ಲ.

"ನೀನು ಕರೆದ್ರೆ ಬರ್ತೀನಿ."

"ಕರೆಯೋವರೆಗೆ?"

"ಪಕ್ಕದಲ್ಲೇ ನಿಂತಿರ್ತೀನಿ. ಉಸಿರು ಹಿಡ್ಕೊಂಡು."

ಫುಮೆಜಾ ಕೈಗವಸು ಕಳಚಿ, ಬೊಬ್ಬೆ ಎದ್ದ ಅಂಗೈಯನ್ನು ಅವನತ್ತ ಚಾಚಿದಳು.

"ಉಸಿರಾಡೋ ಹುಚ್ಚಾ... ಕರೀತಾ ಇದ್ದೀನಿ, ಬಾ."