ಚಿಲಕ ಹಾಕದ ಬಾಗಿಲು

"ಹೋಗ್ತೀಯೋ ಇಲ್ವೋ? ಅಷ್ಟು ಹೇಳು!"

ತಾಯಿ ತಟ್ಟೆಯನ್ನು ತಳ್ಳಿದ ರಭಸಕ್ಕೆ ನೀರಿನ ಲೋಟ ಉರುಳಿಬಿತ್ತು. ಸೊಸೆ ಒರೆಸುವ ಬಟ್ಟೆ ತರಲು ಎದ್ದಳು. ಮಗ ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

"ಅಮ್ಮ, ಅದು ಬರೀ ಸೀರಿಯಲ್ಲು. ನಿಜವಾದ ಪೊಲೀಸರು ಹಾಗೆಲ್ಲ…"

"ಸೀರಿಯಲ್ಲು ಅಂತ ನನಗೆ ಗೊತ್ತಿಲ್ವಾ? ಕಣ್ಣು ಹೋಗಿದೆ, ಬುದ್ಧಿ ಹೋಗಿಲ್ಲ! ಎಷ್ಟೇ ಹಳೇ ಕೇಸಾದರೂ ಮತ್ತೆ ತೆಗೀಬಹುದು ಅಂತ ಆ ಪತ್ತೇದಾರ ವಾರ ವಾರ ಬಡ್ಕೊಳ್ತಾನೆ. ಯಾರ ಗಂಟಲಲ್ಲಿ ಬಡ್ಕೊಳ್ತಾನೆ? ನಿನ್ನ ಗಂಟಲಲ್ಲೇ! ಕಂಡವರ ಮಕ್ಕಳನ್ನೆಲ್ಲ ಹುಡುಕಿ ಕೊಡ್ತೀಯ… ಒಡಹುಟ್ಟಿದ ಅಕ್ಕ ಮಾತ್ರ ಬೇಡವಾದಳೇನೋ ನಿನಗೆ? ಈ ವಾರದ ಕಂತು ಮುಗಿಯೋದರೊಳಗೆ ನೀನು ಠಾಣೆಗೆ ಹೋಗದಿದ್ದರೆ ಕೋಲು ಹಿಡ್ಕೊಂಡು ನಾನೇ ಹೋಗ್ತೀನಿ. ಅಲ್ಲಿವರೆಗೂ ಈ ತಟ್ಟೆ ಮುಟ್ಟೋದಿಲ್ಲ!"

ಮಗನ ಕಸುಬೇ ಹಾಗಿತ್ತು. ಬೇರೆ ಭಾಷೆಯಲ್ಲಿ ತಯಾರಾದ ಆ ಧಾರಾವಾಹಿಯ ನಾಯಕ ಒಬ್ಬ ಪತ್ತೇದಾರ. ಎಲ್ಲರೂ ಕೈಬಿಟ್ಟ ಹಳೆಯ ಪ್ರಕರಣಗಳ ಧೂಳು ಕೊಡವಿ ಸತ್ಯ ಹೊರತೆಗೆಯುವವನು. ತೆರೆಯ ಮೇಲಿನ ಮುಖ ಯಾರದೋ, ಕನ್ನಡದಲ್ಲಿ ಕೇಳುವ ಕಂಠ ಮಾತ್ರ ಈ ಮಗನದು. ದೃಷ್ಟಿ ಕಳೆದುಕೊಂಡ ತಾಯಿಗೆ ಮುಖ ಯಾರದಾದರೇನು? ಟಿ.ವಿ.ಗೆ ಕಿವಿ ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು ಕೂರುವಳು, ಮರುದಿನ ಪಕ್ಕದ ಮನೆಯವರಿಗೆಲ್ಲ "ನಿನ್ನೆ ನಮ್ಮ ಮಗ ಕೊಲೆಗಾರನ್ನ ಹಿಡಿದ, ಗೊತ್ತಾಯ್ತಾ?" ಎಂದು ಬೀಗುವಳು. ಆ ಬೀಗುವಿಕೆಯ ಹಿಂದೆ ಎಂಥ ಆಸೆ ಬೆಳೆಯುತ್ತಿದೆ ಎಂದು ಮಗನಿಗೆ ಹೊಳೆದಿರಲಿಲ್ಲ, ಪಾಪ.

ಮನೆಯ ಹಿರಿಮಗಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಮೆಚ್ಚಿದವನನ್ನೇ ಮದುವೆಯಾಗುತ್ತೇನೆ ಎಂದು ಹಟ ಹಿಡಿದಾಗ ತಾಯಿಯ ಬಾಯಿಂದ ಬರಬಾರದ ಮಾತು ಬಂದುಬಿಟ್ಟಿತ್ತು. "ಹೋಗ್ತೀಯಾ? ಹೋಗು! ಮತ್ತೆ ಈ ಹೊಸ್ತಿಲು ತುಳಿಯಬೇಡ!" ಗುಬ್ಬಿ ಹಾರಿಯೇ ಹೋದಳು. ಆ ಸಂಜೆಯಿಂದ ತಾಯಿ ಮುಂಬಾಗಿಲಿಗೆ ಚಿಲಕ ಹಾಕಲು ಬಿಟ್ಟಿಲ್ಲ. ಮಗಳು ಯಾವ ಹೊತ್ತಿನಲ್ಲಿ ಬಂದರೂ ತಳ್ಳಿದರೆ ತೆರೆದುಕೊಳ್ಳಬೇಕು! ಒಮ್ಮೆ ಕಳ್ಳ ನುಗ್ಗಿ ರೇಡಿಯೊ ಹೊತ್ತುಕೊಂಡು ಹೋದ. "ಹೋದರೆ ಹೋಗಲಿ, ದರಿದ್ರದ್ದು, ಬರೀ ಗೊರಗೊರ ಅಂತಿತ್ತು" ಎಂದಳೇ ಹೊರತು ಚಿಲಕದ ಮಾತೆತ್ತಲಿಲ್ಲ.

ಸೊಸೆ ಬಂದ ಹೊಸದರಲ್ಲಿ, ತಿಳಿಯದೆ, ಒಂದು ಸಂಜೆ ಚಿಲಕ ಹಾಕಿದ್ದಳು. ಅದೇ ಸಂಜೆ ಯಾರೋ ಹೆಂಗಸು ಬಂದು ಬಾಗಿಲು ತಳ್ಳಿ ನೋಡಿ ವಾಪಸು ಹೋದಳೆಂದು ಎದುರು ಮನೆಯವರು ಹೇಳಿದರು. ಸೋಪು ಮಾರುವವಳಿರಬಹುದು, ವಿಳಾಸ ತಪ್ಪಿದವಳಿರಬಹುದು. ತಾಯಿ ಕೇಳಬೇಕಲ್ಲ! "ನನ್ನ ಗುಬ್ಬಿ ಬಂದಿದ್ದಳು… ಈ ಮಹಾತಾಯಿ ಬಾಗಿಲು ಹಾಕಿ ಅಟ್ಟಿಬಿಟ್ಟಳು!" ಅಂದಿನಿಂದ ಇಂದಿನವರೆಗೆ ಸೊಸೆ ಅದೇ ಮಾತು ಕೇಳುತ್ತ ಬದುಕಿದ್ದಾಳೆ. ಸಾರಿಗೆ ಉಪ್ಪು ಹೆಚ್ಚಾದರೂ ಅದೇ ಮಾತು, ಬಟ್ಟೆ ಒಣಗದಿದ್ದರೂ ಅದೇ ಮಾತು.

ಆದರೆ ಗುಬ್ಬಿ ಬಂದಿರಲಿಲ್ಲ. ಬರುವಂತೆಯೂ ಇರಲಿಲ್ಲ. ಮನೆ ಬಿಟ್ಟ ವರ್ಷವೇ, ದೂರದ ಊರಿನ ಆಸ್ಪತ್ರೆಯೊಂದರಲ್ಲಿ, ಜ್ವರ ನೆತ್ತಿಗೇರಿ ಅವಳು ತೀರಿಹೋಗಿದ್ದಳು. ಮೆಚ್ಚಿದವನು ಅದಕ್ಕೂ ಮೊದಲೇ ಕೈಕೊಟ್ಟಿದ್ದ. ಆಸ್ಪತ್ರೆಯವರು ತಂದೆಯ ಕಚೇರಿಗೆ ಫೋನು ಮಾಡಿದ್ದರು. ತಂದೆಯೂ ಮಗನೂ ಹೋಗಿ, ಗುರುತು ಹೇಳಿ, ಅಲ್ಲೇ ಎಲ್ಲ ಮುಗಿಸಿ ಬಂದರು. ಆ ವಾರ ತಾಯಿಯ ಕಣ್ಣಿಗೆ ಆಪರೇಷನ್ನು. "ಈಗ ಅತ್ತರೆ ಕಣ್ಣು ಹೋಗುತ್ತೆ. ಪಟ್ಟಿ ಬಿಚ್ಚಲಿ, ಆಮೇಲೆ ಹೇಳೋಣ" ಎಂದರು ತಂದೆ. ಪಟ್ಟಿ ಬಿಚ್ಚಿದರು, ಕಣ್ಣು ಹೋಗಿಯೇಬಿಟ್ಟಿತ್ತು. ಅಷ್ಟು ದೊಡ್ಡ ಕತ್ತಲೆಯ ಮೇಲೆ ಇದನ್ನೂ ಹೇಗೆ ಹೇರುವುದು? ಸ್ವಲ್ಪ ತಡೆಯೋಣ ಎಂದರು. ತಡೆಯುತ್ತಲೇ ತಂದೆಯೂ ಕಣ್ಮುಚ್ಚಿದರು. ಮಾತು ಮಗನ ಗಂಟಲಲ್ಲೇ ಉಳಿಯಿತು… ಈಗ ಠಾಣೆಗೆ ಹೋಗಿ ಯಾರನ್ನು ಹುಡುಕಿಕೊಡಿ ಎನ್ನುವುದು? ತಾಯಿಯೇ ಹೋದರೆ, ಸತ್ಯವನ್ನು ಯಾವನೋ ಗುಮಾಸ್ತ ಆಸ್ಪತ್ರೆಯ ದಾಖಲೆ ತರಿಸಿ, ಮುಖ ನೋಡದೆ ಓದಿ ಹೇಳುತ್ತಾನೆ!

ಸೊಸೆಗೆ ಮಾತ್ರ ಇದೆಲ್ಲ ತಿಳಿದಿತ್ತು. ಅವಳು ಬೈಸಿಕೊಳ್ಳುವುದನ್ನು ನೋಡಲಾರದೆ ಗಂಡ ಎಂದೋ ಹೇಳಿಬಿಟ್ಟಿದ್ದ. "ಇವತ್ತೇ ಅಮ್ಮನಿಗೆ ಹೇಳಿಬಿಡ್ತೀನಿ, ನಿನಗೆ ಈ ಶಿಕ್ಷೆ ಬೇಡ" ಎಂದು ಎದ್ದವನ ಕೈ ಹಿಡಿದು ಕೂರಿಸಿದವಳು ಅವಳೇ. "ಬೇಡ ರೀ… ನನಗೇನೂ ಆಗಲ್ಲ."

ಆ ವಾರದ ಕಂತಿಗೆ ಧ್ವನಿ ಕೊಡಲು ಮಗ ಡಬ್ಬಿಂಗ್ ಕೋಣೆಗೆ ಹೋದ. ದಪ್ಪ ಪರದೆ ಹೊದಿಸಿದ ಗೋಡೆಗಳು, ಎದುರಿಗೆ ಮೈಕು, ಗಾಜಿನ ಆಚೆ ನಿರ್ದೇಶಕ. ತೆರೆಯ ಮೇಲೆ ಪತ್ತೇದಾರ ಒಬ್ಬ ವಯಸ್ಸಾದ ಹೆಂಗಸಿನ ಎದುರು ಕೂತ. ಹಾಳೆಯಲ್ಲಿದ್ದ ಮಾತು ಸರಳವಾಗಿತ್ತು: "ಮೇಡಂ, ನಿಮ್ಮ ಮಗಳು ಬದುಕಿಲ್ಲ." ತುಟಿ ಆಡುವಷ್ಟರಲ್ಲಿ ಹೇಳಿ ಮುಗಿಸಬೇಕು. ಒಮ್ಮೆ ತಡವಾಯಿತು, ಇನ್ನೊಮ್ಮೆ ನಾಲಗೆ ತೊದಲಿತು, ಮತ್ತೊಮ್ಮೆ ದನಿಯೇ ಹೊರಡಲಿಲ್ಲ.

"ಏನಯ್ಯಾ ಇವತ್ತು? ಗಂಟಲಲ್ಲಿ ಕಡುಬು ಸಿಕ್ಕಿಹಾಕಿಕೊಂಡಿದೆಯಾ?" ಎಂದ ನಿರ್ದೇಶಕ.

ಮತ್ತೆ ಚಿತ್ರ ಓಡಿತು. ತೆರೆಯ ಮೇಲಿನ ಹೆಂಗಸು ತಲೆಯೆತ್ತಿ ನೋಡಿದಳು. ಮಗನಿಗೆ ಏನಾಯಿತೋ… "ಅಮ್ಮಾ… ಗುಬ್ಬಚ್ಚಿಯಂಥ ಮಗಳು ನಿನಗೆ… ಹೋಗಿಬಿಟ್ಟಳಮ್ಮಾ…"

ಗಾಜಿನ ಆಚೆ ನಿರ್ದೇಶಕ ಕುರ್ಚಿಯಿಂದ ಎದ್ದುಬಿಟ್ಟ. "ವಾಹ್! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆಯೋ ಇದನ್ನ? ತುಟಿಗೂ ಕೂತಿದೆ. ಇದೇ ಇರಲಿ!"

"ಸಾರ್, ತಪ್ಪಾಯಿತು, ಇನ್ನೊಂದು ಸಲ ಹೇಳ್ತೀನಿ, ದಯವಿಟ್ಟು…"

"ಸುಮ್ಮನಿರಯ್ಯಾ. ಮುಂದಿನ ದೃಶ್ಯ!"

ಪ್ರಸಾರದ ಸಂಜೆ ಬಂತು. ಕರೆಂಟಾದರೂ ಹೋಗಬಾರದೇ ಎಂದು ಮಗ ಬೇಡಿಕೊಂಡ. ದಿನವೂ ಕೈಕೊಡುವ ಕರೆಂಟು ಅಂದು ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ! ಎರಡು ದಿನದಿಂದ ಬರೀ ನೀರು ಕುಡಿದಿದ್ದ ತಾಯಿ ಟಿ.ವಿ. ಪಕ್ಕ ಕೂತಳು. ಕೈಯಲ್ಲಿ ಕೋಲು, ಕಾಲಲ್ಲಿ ಆಗಲೇ ಚಪ್ಪಲಿ.

ಆ ಮಾತು ಬಂತು. ತಾಯಿಯ ಕೋಲು ನೆಲಕ್ಕೆ ಬಿತ್ತು.

"ಆರಿಸು ಅದನ್ನ."

ಸೊಸೆ ಆರಿಸಿದಳು.

"ಇಷ್ಟು ಕಂತಾಯಿತು… ಆ ಪತ್ತೇದಾರ ಯಾವ ಹೆಂಗಸನ್ನೂ ಅಮ್ಮಾ ಅಂತ ಕರೆದಿಲ್ಲ. ಎಲ್ಲರೂ ಅವನಿಗೆ ಮೇಡಮ್ಮೇ." ತಾಯಿ ತಡಕಾಡಿ ಮಗನ ತೋಳು ಹಿಡಿದಳು. "ಇದು ಅವನ ಮಾತಲ್ಲ. ನಿನ್ನ ಅಳು ನನಗೆ ಗೊತ್ತಿಲ್ವೇನೋ? ಹೆತ್ತಿದೀನಿ ನಿನ್ನ… ಯಾರಿಗೆ ಹೇಳಿದೆ ಅದನ್ನ?"

ಮಗ ಅವಳ ಮಡಿಲಲ್ಲಿ ಮುಖ ಹುದುಗಿಸಿದ. "ನಿನಗೇ ಅಮ್ಮಾ… ನಿನಗೇ ಹೇಳಿದ್ದು…"

ಎಲ್ಲವನ್ನೂ ಹೇಳಿದ. ಆಸ್ಪತ್ರೆ, ಜ್ವರ, ಅಪ್ಪನ ಮಾತು, ಕಣ್ಣಿನ ಪಟ್ಟಿ… ತಾಯಿ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಅವನ ತಲೆಗೂದಲಲ್ಲಿ ಬೆರಳಾಡಿಸುತ್ತಲೇ ಇದ್ದಳು. ಬೆಳಕಿಲ್ಲದ ಆ ಕಣ್ಣುಗಳಿಂದ ನೀರು ಮಾತ್ರ ಧಾರೆಯಾಗಿ ಸುರಿಯಿತು. ಬಹಳ ಹೊತ್ತಿನ ಮೇಲೆ ಬೆರಳು ತಟ್ಟನೆ ನಿಂತಿತು.

"ನನ್ನ ಆಪರೇಷನ್ನು… ನಿನ್ನ ಮದುವೆಗಿಂತ ಮುಂಚೆ ಆಗಿದ್ದು."

"ಹೂಂ ಅಮ್ಮ."

"ಹಾಗಾದರೆ ಅವತ್ತು ಸಂಜೆ… ಬಾಗಿಲಿಗೆ ಬಂದಿದ್ದು ಗುಬ್ಬಿಯಲ್ಲ." ತಾಯಿ ಕತ್ತು ತಿರುಗಿಸಿದಳು. "ಎಲ್ಲಿದೀಯೇ ನೀನು? ನಿನಗೆ ಗೊತ್ತಿತ್ತಾ ಇದು?"

"ಗೊತ್ತಿತ್ತು ಅತ್ತೆ."

"ಮತ್ತೆ ಯಾಕೆ ಬಾಯಿ ಮುಚ್ಕೊಂಡು ಬೈಸ್ಕೊಂಡೆ? ನಾಯಿಗೆ ಬೈದ ಹಾಗೆ ಬೈದೆನಲ್ಲೇ ನಿನ್ನ! ಒಂದು ಸಲ ಎದುರಾಡಬಾರದಿತ್ತಾ?"

ಸೊಸೆಗೆ ತಡೆಯಲಾಗಲಿಲ್ಲ. "ನೀವು ನನ್ನನ್ನ ಬೈಯೋವಾಗ… ಅವರು ಬಾಗಿಲ ತನಕ ಬಂದು ಹೋಗಿದ್ದಾರೆ, ಎಲ್ಲೋ ಚೆನ್ನಾಗಿದ್ದಾರೆ ಅಂತ ನಂಬಿರ್ತಿದ್ರಿ ಅತ್ತೆ… ನಾನು ಎದುರಾಡಿದ್ರೆ ಅವರು ಸತ್ತುಹೋಗ್ತಿದ್ರಲ್ಲ…"

ಅಯ್ಯೋ! ಆಗ ಹೊರಟಿತು ತಾಯಿಯ ಅಳು. ಅಷ್ಟು ವರ್ಷ ಒಳಗೇ ಕಾಯ್ದ ಅಳು. ಕೈ ಚಾಚಿ ಸೊಸೆಯನ್ನು ತಡಕಿ, ಅವಳ ಮುಖವನ್ನು ಹಣೆಯಿಂದ ಗಲ್ಲದವರೆಗೆ ಸವರಿದಳು. ತಾನೆಂದೂ ನೋಡದ ಮುಖ ಅದು. ಇಷ್ಟು ವರ್ಷದಲ್ಲಿ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

"ಬಾ," ಎಂದು ಎದ್ದಳು. "ನನ್ನನ್ನ ಬಾಗಿಲ ಹತ್ತಿರ ಕರ್ಕೊಂಡು ಹೋಗು."

ಬಾಗಿಲ ಬಳಿ ನಿಂತು, "ಚಿಲಕ ಹಾಕು" ಎಂದಳು.

"ಅತ್ತೆ… ಇವತ್ತು ಬೇಡ…"

"ಹಾಕು."

ತುಕ್ಕು ಹಿಡಿದ ಚಿಲಕ ಸೊಸೆಯ ಕೈಗೆ ಬಗ್ಗಲಿಲ್ಲ. ತಾಯಿ ಆ ಕೈಯ ಮೇಲೆ ತನ್ನ ಕೈಯನ್ನಿಟ್ಟು ಒತ್ತಿದಳು. ಅದು ಕಿರುಗುಟ್ಟುತ್ತ ಸರಿದು ಕೂತಿತು. ತಾಯಿ ಬಾಗಿಲಿಗೆ ಹಣೆ ಹಚ್ಚಿದಳು.

"ಗುಬ್ಬೀ… ಹೊಸ್ತಿಲು ತುಳಿಯಬೇಡ ಅಂದಿದ್ದೆ ಕಣೇ. ಬಾಯಿ ತಪ್ಪಿ ಅಂದದ್ದು… ಅದನ್ನೇ ನಿಜ ಮಾಡಿಬಿಟ್ಟೆಯಲ್ಲೇ…"

ಮಗ ಅವಳನ್ನು ಹಿಡಿದುಕೊಂಡು ಮೇಜಿನ ಬಳಿಗೆ ಕರೆತಂದ. ತಾಯಿ ಸೊಸೆಯ ಕೈಯನ್ನು ಬಿಟ್ಟಿರಲಿಲ್ಲ. ಕೂತು, ಮೂಗು ಒರೆಸಿಕೊಂಡು, "ನೀನೂ ಊಟ ಮಾಡಿಲ್ಲ ಅಲ್ವಾ ಎರಡು ದಿನದಿಂದ?" ಎಂದು ಅವಳನ್ನು ಕೇಳಿದಳು. "ನನಗೆ ಗೊತ್ತು. ತಟ್ಟೆ ತಗೊಂಡು ಬಾ, ಇಬ್ಬರೂ ಒಟ್ಟಿಗೆ ಕೂರೋಣ."