ಹದಿನಾಲ್ಕನೇ ನಂಬರಿನ ಒಂಬತ್ತು ಬಾಟಲಿ

"ಕೈ ತೋರ್ಸ್ರಿ!"

ಬಾಗಿಲಿಗೆ ಅಡ್ಡ ನಿಂತವನ ದನಿಗೆ ನೇತ್ರಾವತಿ ಬೆಚ್ಚಿದಳು. ಜಗಳೂರು ಕಡೆಯ ಹಳ್ಳಿಯಿಂದ ಬಸ್ಸು ಬದಲಾಯಿಸುತ್ತಾ ನ್ಯಾಮತಿಯ ಈ ತರಬೇತಿ ಕೇಂದ್ರಕ್ಕೆ ಬಂದಿಳಿದ ಹುಡುಗಿಗೆ ನೀರು ಬೇಕಾ ಎಂದು ಕೇಳುವವರಿಲ್ಲ, ಕೈ ತೋರಿಸಬೇಕಂತೆ!

"ಯಾಕ್ರಿ? ಭವಿಷ್ಯ ಹೇಳ್ತೀರಾ?"

ಅವನು ನಗಲಿಲ್ಲ. "ಬಳೆ, ಉಂಗುರ, ವಾಚು ಲ್ಯಾಬೊಳಗೆ ಬರಂಗಿಲ್ಲ. ನಾನೂ ನಿಮ್ಮಂಗೆ ಕಲಿಯಾಕೆ ಬಂದೋನೆ. ಇವತ್ತು ನೋಡಾಕೆ ಮೇಡಂ ನನಗೆ ಹೇಳ್ಯಾರೆ."

ಅವಳು ಸಿಟ್ಟಿನಲ್ಲೇ ಒಂದೊಂದು ಬಳೆ ತೆಗೆದು ಅವನು ಹಿಡಿದ ತಟ್ಟೆಗೆ ಹಾಕಿದಳು. ಕೊನೆಗೆ ಬಲಗೈಯಲ್ಲಿ ಒಂದು ಕೆಂಪು ದಾರ ಉಳಿಯಿತು.

"ಅದೂನೂ."

"ಇದು ಆಗಲ್ಲ."

ಇಷ್ಟು ಹೊತ್ತಿನ ಬಿಗುಮಾನವೆಲ್ಲ ಆ ಒಂದು ಮಾತಿನಲ್ಲಿ ಇಳಿದುಹೋಗಿತ್ತು.

"ನಮ್ಮಜ್ಜಿ ಕಟ್ಟಿದ್ದು. ನನಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳೀಲಿಲ್ಲ. ನಾನು ಉಳಿದಿದ್ದು ಈ ದಾರದಿಂದ ಅಂತಾಳೆ. ಹೊಸದು ಕಟ್ಟಿದ ಮೇಲೇನೇ ಹಳೇದು ಬಿಚ್ಚೋದು. ಒಂದು ದಿನಾನೂ ಬರಿಗೈ ಬಿಟ್ಟಿಲ್ಲ... ಗೌನಿನ ತೋಳೊಳಗೆ ಮುಚ್ಕಂತೀನಿ. ಹೇಳಬ್ಯಾಡ್ರಿ."

ಅವಳ ಕಣ್ಣಲ್ಲಿ ನೀರು ನಿಂತಿತ್ತು. ಅದನ್ನು ನೋಡಿದ್ದೇ ತಪ್ಪಾಯಿತು ಅವನಿಗೆ!

"ಹೇಳಲ್ಲ," ಎಂದ.

ಅವನ ಹೆಸರು ನಿಂಗರಾಜ್. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ದಂಡೆಯ ಊರಿನವನು. ನೇತ್ರಾವತಿಗೆ ಹದಿನಾಲ್ಕನೇ ನಂಬರು ಕೊಟ್ಟರು, ಅವನದು ಹದಿನೈದು. ಅಕ್ಕಪಕ್ಕದ ಕುರ್ಚಿ.

ಅಲ್ಲಿ ಕಲಿಸುತ್ತಿದ್ದದ್ದು ಬಾಳೆ ಸಸಿಯನ್ನು ಬಾಟಲಿಯಲ್ಲಿ ಬೆಳೆಸುವ ಕೆಲಸ. ಶುದ್ಧ ಗಾಳಿ ಬೀಸುವ ಗಾಜಿನ ಪೆಟ್ಟಿಗೆಯ ಮುಂದೆ ಕೂತು, ಎಳೆ ಮೊಳಕೆಯನ್ನು ಬ್ಲೇಡಿನಲ್ಲಿ ಸೀಳಿ, ಚಿಮಟದಲ್ಲಿ ಎತ್ತಿ ಬಾಟಲಿಯೊಳಗೆ ನೆಡಬೇಕು. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಬಿದ್ದರೂ ಸಾಕು, ನಾಲ್ಕೇ ದಿನಕ್ಕೆ ಬೂಸ್ಟು ಬಂದು ಬಾಟಲಿ ಕೆಡುತ್ತದೆ. ಯಾರ ಕೈಯಿಂದ ಕೆಟ್ಟಿತೆಂದು ತಿಳಿಯಲು ಪ್ರತಿ ಬಾಟಲಿಯ ಮೇಲೂ ಮಾಡಿದವರ ನಂಬರು ಇರುತ್ತಿತ್ತು.

"ಊರು ತುಂಬ ಡಿಗ್ರಿ ಆದವರಿದ್ದಾರೆ. ಕಂಪನಿಗಳಿಗೆ ಬೇಕಾಗಿರುವುದು ಕಲಿತ ಕೈ," ಎನ್ನುತ್ತಿದ್ದರು ಕೇಂದ್ರದ ಮುಖ್ಯಸ್ಥೆ ಸಂಧ್ಯಾರಾಣಿ ಮೇಡಂ.

ನಿಂಗರಾಜನದು ಅಂಥ ಕೈ. ಒಂದು ಬಾಟಲಿಯಲ್ಲಿ ಮೂರು ಮೊಳಕೆ ನೆಡುವಾಗ ಅವನು ಒಲೆಗಲ್ಲು ಇಟ್ಟಂತೆ ಮೂರು ಮೂಲೆಗೆ ಇಡುತ್ತಿದ್ದ. ನೇತ್ರಾವತಿ ಸಾಲಾಗಿ ಇಡುತ್ತಿದ್ದಳು.

"ಅದೇನು, ಶಾಲೆ ಮಕ್ಕಳನ್ನ ಪ್ರಾರ್ಥನೆಗೆ ನಿಲ್ಸಿದಂಗೆ?" ಎಂದು ರೇಗಿಸುವನು.

"ನಿಮ್ಮದೇನು, ಅಡುಗೆ ಮಾಡಾಕೆ ಇಟ್ಟೀರಾ?"

ಬಸ್ ಸ್ಟ್ಯಾಂಡಿನ ಚಹಾ, ಅವನು ಹಿಡಿದಿಟ್ಟ ಸೀಟು, ಹೊನ್ನಾಳಿ ಹೊಳೆ ದಾಟುವಾಗ ಕಿಟಕಿಯಿಂದ ಬಂದ ಗಾಳಿ... 'ಇವನು ದಿನಾ ಹಿಂಗೇ ಪಕ್ಕದಲ್ಲಿ ಕೂತರೆ?' ಎಂದು ಅವಳಿಗೆ ಅನ್ನಿಸಿತ್ತು. ಬಾಯಿಬಿಟ್ಟು ಇಬ್ಬರೂ ಹೇಳಲಿಲ್ಲ.

ಆರು ತಿಂಗಳ ಕೊನೆಗೆ ಪರೀಕ್ಷೆ ಬಂತು. ಒಬ್ಬೊಬ್ಬರೂ ನಲವತ್ತು ಬಾಟಲಿ ಮಾಡಬೇಕು, ವಾರ ಬಿಟ್ಟು ಎಣಿಸುತ್ತಾರೆ, ಒಂದೂ ಕೆಡದವರಿಗೆ ಅಲ್ಲೇ ಕಾಯಂ ಕೆಲಸ. ಇದ್ದದ್ದು ಒಂದೇ ಜಾಗ. ಅವಳ ಮನೆಯಲ್ಲಿ ಇದುವರೆಗೆ ತಿಂಗಳ ಸಂಬಳದ ಕೆಲಸ ಕಂಡವರೇ ಇಲ್ಲ.

ನಾಲ್ಕನೇ ದಿನ ಬೆಳಿಗ್ಗೆ, ಬಾಟಲಿಗಳನ್ನಿಟ್ಟ ಕೋಣೆಯ ಗಾಜಿನ ಕಿಟಕಿಯಲ್ಲಿ ಅವಳು ಇಣುಕಿದಳು. ಒಳಗೆ ನಿಂಗರಾಜ್. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಅವಳ ಬಾಟಲಿಯ ಮೇಲಿನ ಹದಿನಾಲ್ಕನ್ನು ಒರೆಸುತ್ತಿದ್ದ. ಒರೆಸಿ... ಹದಿನೈದು ಎಂದು ಬರೆದ!

'ನನ್ನ ಬಾಟಲಿ... ನನ್ನ ಕೆಲಸ! ಇಷ್ಟು ದಿನ ನಕ್ಕಿದ್ದೆಲ್ಲ ಇದಕ್ಕಾ?'

ಒಳಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಬರೀ ಒಂದು ಮಾತು. ಆದರೆ ನಮ್ಮ ಹುಡುಗಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತಲ್ಲ... ನೇರ ಮೇಡಂ ಹತ್ತಿರ ಓಡಿದಳು.

"ನಂಬರ್ ಬದಲಾಯಿಸಿದೆಯಾ?" ಮೇಡಂ ಎಲ್ಲರೆದುರು ಕೇಳಿದರು.

"ಹೌದು ಮೇಡಂ. ಒಂದೇ ಬಾಟ್ಲಿ. ಅದನ್ನೂ ತಿರುಗಿ ಮೊದಲಿನಂಗೆ ಬರ್ದೀನಿ."

"ಯಾಕೆ?"

ಅವನು ನೇತ್ರಾವತಿಯನ್ನು ನೋಡಿದ. ಅವಳ ಬಲಗೈ ತೋಳಿನ ಕಡೆ ನೋಡಿದ. ತಲೆ ತಗ್ಗಿಸಿದ.

"ನಂಬರ್ ಮುಟ್ಟಿದವನನ್ನು ಯಾವ ಲ್ಯಾಬಿನಲ್ಲೂ ಇಟ್ಟುಕೊಳ್ಳುವುದಿಲ್ಲ. ಸರ್ಟಿಫಿಕೇಟೂ ಇಲ್ಲ. ನಡಿ!"

ಗೇಟು ದಾಟುವಾಗ ಅವನು ಒಮ್ಮೆ ತಿರುಗಿದ. ನೇತ್ರಾವತಿ ಮುಖ ತಿರುಗಿಸಿದಳು.

ಎಣಿಸುವ ದಿನ ಬಂತು. ಹದಿನಾಲ್ಕನೇ ನಂಬರಿನ ನಲವತ್ತೂ ಬಾಟಲಿ ಶುದ್ಧ! ಹದಿನೈದರಲ್ಲಿ ಒಂಬತ್ತಕ್ಕೆ ಬಿಳಿ ಬೂಸ್ಟು.

"ನೋಡಿದೆಯಾ? ತನ್ನ ಕೆಟ್ಟ ಬಾಟಲಿಗಳನ್ನು ನಿನ್ನ ತಲೆಗೆ ಕಟ್ಟಲು ಹೊರಟಿದ್ದ. ಸರಿಯಾದ ಹೊತ್ತಿಗೆ ಹಿಡಿದೆ," ಎಂದರು ಮೇಡಂ.

ಎಲ್ಲರೂ ಚಪ್ಪಾಳೆ ತಟ್ಟಿದರು. ನೇತ್ರಾವತಿ ಮಾತ್ರ ಬಾಟಲಿಗಳನ್ನೇ ನೋಡುತ್ತಿದ್ದಳು. ಕೆಟ್ಟ ಒಂಬತ್ತರಲ್ಲೂ ಮೊಳಕೆಗಳು ಸಾಲಾಗಿದ್ದವು, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಅವಳದೆಂದು ಎಣಿಸಿದ ನಲವತ್ತರಲ್ಲಿ ಒಂಬತ್ತು ಬಾಟಲಿಗಳಲ್ಲಿ, ಮೂರು ಮೂಲೆಗೆ ಮೂರು ಮೊಳಕೆ.

ಅಯ್ಯೋ... ದೇವರೇ!

ಕೊನೆಯ ಒಂಬತ್ತು ಬಾಟಲಿ ಮಾಡುವಾಗ ಗೌನಿನ ತೋಳು ಸರಿದು ದಾರ ಹೊರಬಂದದ್ದು, ಅದನ್ನು ಮತ್ತೆ ಒಳಗೆ ತುರುಕಿದ್ದು ಈಗ ನೆನಪಾಯಿತು. ಕೆಟ್ಟದ್ದು ಅವಳ ಕೈಯಿಂದಲೇ. ಅವನು ತನ್ನ ಒಳ್ಳೆಯದನ್ನು ಅವಳಿಗಿಟ್ಟು, ಅವಳ ಕೆಟ್ಟದ್ದನ್ನು ತನ್ನ ಹೆಸರಿಗೆ ಬರೆದುಕೊಂಡಿದ್ದ. ಯಾಕೆಂದು ಹೇಳಿದ್ದರೆ ದಾರದ ಮಾತು ಬರುತ್ತಿತ್ತು. ಮೊದಲ ದಿನ 'ಹೇಳಲ್ಲ' ಎಂದಿದ್ದನಲ್ಲ!

ಆ ಕ್ಷಣವೇ ಅವಳು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಂಜಿದಳು. ಇವಳನ್ನು ಬೈಯಬೇಕೆಂದು ನಿಮಗೆ ಅನ್ನಿಸಿದರೆ ಬೈಯಿರಿ, ಅವಳು ತನ್ನನ್ನು ತಾನು ಅದಕ್ಕಿಂತ ಹೆಚ್ಚು ಬೈದುಕೊಂಡಿದ್ದಾಳೆ.

ಅವಳಿಗೆ ಕೆಲಸವಾಯಿತು. ಆರು ತಿಂಗಳಿಗೊಂದು ಹೊಸ ಬ್ಯಾಚು. ಪ್ರತಿ ಬ್ಯಾಚಿಗೂ ಮೊದಲ ದಿನ ಮೇಡಂ ಹೇಳುವರು: "ನಿಂಗರಾಜ್ ಅಂತ ಒಬ್ಬನಿದ್ದ. ಪಕ್ಕದವಳ ನಂಬರ್ ಅಳಿಸಿದ. ಅವನ ಹಾಗೆ ಆಗಬೇಡಿ." ನೇತ್ರಾವತಿ ಹಿಂದೆ ನಿಂತು ಗಾಜು ಒರೆಸುತ್ತಾ ಕೇಳುವಳು. ಅವನ ಫೋನು ಸ್ವಿಚ್ ಆಫ್ ಆಗಿತ್ತು. ಪತ್ರ ಬರೆಯಲು ಕೂತರೆ ಹೆಸರಿನ ಮುಂದೆ ಪೆನ್ನು ನಿಲ್ಲುತ್ತಿತ್ತು.

ಒಂದೂವರೆ ವರ್ಷವಾಯಿತು. ಮೂರನೇ ಬ್ಯಾಚಿನ ಮೊದಲ ದಿನ ಮೇಡಂ ಗಂಟಲು ಕಟ್ಟಿತ್ತು. "ಆ ನಿಂಗರಾಜನ ಕಥೆ ಇವತ್ತು ನೀನೇ ಹೇಳು," ಎಂದು ಪಕ್ಕದಲ್ಲಿ ಕೂತರು.

"ನಿಂಗರಾಜ್ ಅಂತ... ಒಬ್ರು ಇದ್ರು. ನಂಬರ್ ಅಳಿಸಿದ್ರು..." ಎಂದು ಶುರು ಮಾಡಿದಳು.

ಮುಂದಿನ ಸಾಲಿನ ಹುಡುಗಿ ಚೈತ್ರಾ ಕೇಳಿದಳು, "ಅವರು ಈಗ ಎಲ್ಲಿದಾರೆ ಅಕ್ಕಾ? ಮತ್ತೆ ಕೆಲಸ ಸಿಕ್ತಾ ಅವರಿಗೆ?"

ಯಾರೂ ಕೇಳದ ಪ್ರಶ್ನೆ. ಅವಳೂ ಕೇಳದ ಪ್ರಶ್ನೆ! ನೇತ್ರಾವತಿಗೆ ಅಳು ತಡೆಯಲಾಗಲಿಲ್ಲ.

"ಅವರು ಕಳ್ಳ ಅಲ್ಲ. ದಾರ ನಂದು. ಕೆಟ್ಟ ಬಾಟ್ಲಿ ನಂದು. ಅವರು ನನ್ನ ಉಳಿಸಾಕೆ ಮಾಡಿದ್ರು. ನಾನು... ನಾನು ಸುಮ್ನಿದ್ದೆ."

ಎಲ್ಲ ಕೇಳಿ ಮೇಡಂ ಎದ್ದರು. ಆಮೇಲೆ ಬೀರುವಿನಿಂದ ಒಂದು ಸರ್ಟಿಫಿಕೇಟು ತೆಗೆದು ಸಹಿ ಹಾಕಿದರು.

"ನಂಬರ್ ಮುಟ್ಟಿದ್ದು ತಪ್ಪೇ. ಆದರೆ ಇದು ಅವನ ಕೈ ದುಡಿದದ್ದು. ಕೊಟ್ಟು ಬಾ. ನಾನು ಕ್ಷಮೆ ಕೇಳಿದೆ ಅನ್ನು. ನಿನ್ನ ಕೆಲಸ ಇವತ್ತಿಗೆ ಮುಗೀತು ನೇತ್ರಾ."

ಅವಳು ಬೇಸರಪಡಲಿಲ್ಲ. ಆ ಸೀಟು ಯಾವತ್ತೂ ಅವಳದಾಗಿರಲಿಲ್ಲ.

ರಿಜಿಸ್ಟರಿನಲ್ಲಿದ್ದ ವಿಳಾಸ ಹಿಡಿದು ಮರುದಿನವೇ ಹೋದಳು. ಸೂಳೆಕೆರೆ ಏರಿಯ ಕೆಳಗೆ, ಮೀನುಮರಿ ಸಾಕುವ ತೊಟ್ಟಿಯ ಬಳಿ ಅವನಿದ್ದ. ಸೊರಗಿದ್ದ. ಅವಳನ್ನು ಕಂಡು ಬಲೆ ಕೆಳಗಿಟ್ಟ.

"ಬಾ," ಎಂದ. ಅಷ್ಟೇ.

ಅವಳು ಸರ್ಟಿಫಿಕೇಟು ಚಾಚಿದಳು. "ಎಲ್ಲಾ ಹೇಳ್ಬಿಟ್ಟೆ. ನೀವು ಈಗ ಎಲ್ಲಿಗೆ ಬೇಕಾದ್ರೂ ಹೋಗಬಹುದು. ನಿಮ್ಮಂಥ ಕೈ ಯಾರಿಗೈತೆ..."

ಅವನು ಎಡಗೈ ಚಾಚಿ ತೆಗೆದುಕೊಂಡ. ಆಗ ಅವಳಿಗೆ ಕಂಡಿತು. ಬಲಗೈಯಲ್ಲಿ ತೋರುಬೆರಳು, ನಡುಬೆರಳು ಇರಲಿಲ್ಲ.

"ಅಲ್ಲಿಂದ ಬಂದಮೇಲೆ ಚನ್ನಗಿರೀಲಿ ಅಡಿಕೆ ಸುಲಿಯೋ ಮಿಷನ್ನಿಗೆ ಸೇರಿದ್ದೆ. ಎಂಟನೇ ದಿನ," ಎಂದ ಮೆಲ್ಲಗೆ. "ಇನ್ನು ಚಿಮಟ ಹಿಡಿಯಾಕೆ ಆಗಲ್ಲ ನೇತ್ರಾ."

ಅವಳು ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಮೂರು ಮೊಳಕೆಯನ್ನು ಮೂರು ಮೂಲೆಗಿಟ್ಟ ಬೆರಳು!

"ಯಾಕೆ ಹಂಗೆ ಮಾಡಿದ್ರಿ?" ಎಂದು ಕೇಳಿದಳು.

"ಆ ಕೆಲಸ ನನಗೂ ಬೇಕಿತ್ತು. ಅದಕ್ಕಿಂತ ನೀನು ಬೇಕಿದ್ದೆ."

"ನಾನು ಮುಖ ತಿರುಗ್ಸಿದೆ..."

"ಹ್ಞೂಂ. ಮಿಷನ್ನಿಗಿಂತ ಅದೇ ಜಾಸ್ತಿ ನೋವಾಗಿತ್ತು." ಅವನು ಅವಳ ಮಣಿಕಟ್ಟು ನೋಡಿದ. "ದಾರ ಎಲ್ಲಿ?"

"ಬಾಟ್ಲಿ ಎಣಿಸಿದ ದಿನಾನೇ ಕತ್ತರಿಸಿದೆ."

"ಅಜ್ಜಿ ಬೈಲಿಲ್ವಾ?"

"ಕಳ್ಕಂಡೆ ಅಂತ ಅತ್ತುಬಿಟ್ಟೆ. ದಾರಕ್ಕೆ ಅಳ್ತಾಳೆ ಅಂದ್ಕಂಡು ಸಮಾಧಾನ ಮಾಡಿದ್ಲು."

ಏರಿಯ ಮೇಲೆ ಬಸ್ಸಿನ ಹಾರನ್ನು ಕೇಳಿಸಿತು.

"ಮೂರು ಗಂಟೆ ಬಸ್ಸು. ಇದು ಹೋದ್ರೆ ಸಂಜೆಗೇ ಇನ್ನೊಂದು," ಎಂದ.

ಅವಳು ಎದ್ದಳು. ಬೆರಳಿಲ್ಲದ ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ನೀವು ಹೋಗು ಅಂದ್ರೆ ಹೋಗ್ತೀನಿ. ಮತ್ತೆ ಬರಲ್ಲ. ಹೇಳ್ರಿ..."

ಬಸ್ಸು ನಿಂತಿತು. ಯಾರೋ ಇಳಿದರು. ಬಸ್ಸು ಹೊರಟು, ತಿರುವಿನಲ್ಲಿ ಮರೆಯಾಗುವವರೆಗೂ ನಿಂಗರಾಜ್ ಅದನ್ನೇ ನೋಡುತ್ತಿದ್ದ. ಆಮೇಲೆ ಅವಳ ಕಡೆ ತಿರುಗಿದ. ಕಣ್ಣು ತುಂಬಿತ್ತು.

"ಹೇಳಲ್ಲ," ಎಂದ.